ಜ್ವರ ಇಳಿದ ದಿನವೇ ಎಚ್ಚರ

ಮಳೆ ಬಂತು. ಕೆರೆಗೆ ನೀರು ಬಂತು. ಮನೆ ಸುತ್ತ ಸೊಳ್ಳೆ ಬಂತು. ಸೊಳ್ಳೆಯ ಹಿಂದೆ ಜ್ವರವೂ ಬಂತು.

ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಹಣೆ ಮುಟ್ಟಿ ನೋಡುವವರು ನಾವೇ. ಗಂಜಿ ಕಾಯಿಸುವವರು ನಾವೇ. ರಾತ್ರಿ ಎದ್ದು ಕೂರುವವರೂ ನಾವೇ. ಅದಕ್ಕೇ ಜ್ವರದ ಗುಣ ನಮಗೆ ಗೊತ್ತಿರಬೇಕು. ಈ ಪಾಠದಲ್ಲಿ ಡೆಂಗಿ ಜ್ವರದ ಬಗ್ಗೆ ತಿಳಿಯೋಣ.

ಡೆಂಗಿ ಹೇಗೆ ಬರುತ್ತೆ?

ಡೆಂಗಿ ವೈರಸ್ಸಿನಿಂದ ಬರುವ ರೋಗ. ಈಡಿಸ್ ಎಂಬ ಸೊಳ್ಳೆ ಇದನ್ನು ಒಬ್ಬರಿಂದ ಇನ್ನೊಬ್ಬರಿಗೆ ಹರಡುತ್ತೆ. ಈ ಸೊಳ್ಳೆಯ ಮೈ ಕಪ್ಪು. ಕಾಲಿನ ಮೇಲೆ ಬಿಳಿ ಪಟ್ಟೆ. ಇದು ಹಗಲು ಹೊತ್ತು ಕಚ್ಚುತ್ತೆ. ರೋಗಿಯನ್ನು ಮುಟ್ಟಿದರೆ ಡೆಂಗಿ ಬರಲ್ಲ. ಜೊತೆಯಲ್ಲಿ ಉಂಡರೂ ಬರಲ್ಲ. ಆದರೆ ರೋಗಿಯನ್ನು ಕಚ್ಚಿದ ಸೊಳ್ಳೆ ಮುಂದೆ ನಮ್ಮನ್ನೂ ಕಚ್ಚಬಹುದು. ಅದಕ್ಕೇ ರೋಗಿಯನ್ನು ಹಗಲಲ್ಲೂ ಸೊಳ್ಳೆ ಪರದೆಯೊಳಗೆ ಮಲಗಿಸಬೇಕು.

ಗುರುತು ಹಿಡಿಯುವುದು ಹೇಗೆ?

ಇದ್ದಕ್ಕಿದ್ದಂತೆ ಜೋರು ಜ್ವರ ಬರುತ್ತೆ. ತಲೆ ಸಿಡಿಯುತ್ತೆ. ಕಣ್ಣಿನ ಹಿಂದೆ ನೋವು. ಮೈಕೈ ನೋವು, ಕೀಲು ನೋವು. ವಾಕರಿಕೆ. ಕೆಲವರಿಗೆ ಮೈಮೇಲೆ ಕೆಂಪು ಗಂದೆ ಏಳುತ್ತೆ.

ಮಲೇರಿಯಾದಲ್ಲೂ ಜ್ವರ ಬರುತ್ತೆ, ಮೈ ನೋಯುತ್ತೆ. ಬರೀ ನೋಡಿ ಇದು ಡೆಂಗಿ ಅಂತ ಹೇಳಲಾಗದು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಬೇಕು. ಮೊದಲ 5 ದಿನ ಒಂದು ಪರೀಕ್ಷೆ. ಆಮೇಲೆ ಬೇರೆ ಪರೀಕ್ಷೆ. ಹಾಗಾಗಿ ಡಾಕ್ಟರು ಮೊದಲು ಕೇಳುವುದು, "ಜ್ವರ ಯಾವತ್ತು ಶುರುವಾಯ್ತು?" ಅಂತ. ಈಗ ನಮಗೆ ಬರೆಯಲು ಬರುತ್ತೆ. ಆ ದಿನವನ್ನು ಬರೆದಿಡೋಣ.

ಆರೈಕೆ ಹೇಗೆ?

ಡೆಂಗಿ ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ. ಆದರೂ ಸರಿಯಾದ ಆರೈಕೆಯಿಂದ ಹೆಚ್ಚಿನವರು ಗುಣವಾಗುತ್ತಾರೆ.

ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರೆ ಒಂದೇ ಸಾಕು. ಒಂದು ಸಲ ಕೊಟ್ಟ ಮೇಲೆ 6 ಗಂಟೆ ಬಿಟ್ಟೇ ಇನ್ನೊಂದು ಸಲ. ಮಕ್ಕಳಿಗೆ ತೂಕ ನೋಡಿ ಡಾಕ್ಟರು ಹೇಳಿದಷ್ಟೇ ಕೊಡಬೇಕು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೊಡಲೇಬಾರದು. ಇವುಗಳಿಂದ ರಕ್ತಸ್ರಾವ ಹೆಚ್ಚಬಹುದು. ಅಂಗಡಿಯಲ್ಲಿ "ನೋವಿನ ಮಾತ್ರೆ" ಕೊಟ್ಟರೆ ಮೇಲಿನ ಹೆಸರು ಓದಿ ನೋಡೋಣ. ಬೇಗ ವಾಸಿಯಾಗಲಿ ಅಂತ ಸೊಂಟಕ್ಕೆ ಸೂಜಿ ಚುಚ್ಚಿಸುವುದೂ ಬೇಡ.

ರೋಗಿಗೆ ಆಗಾಗ ಕುಡಿಯಲು ಕೊಡಬೇಕು. ಗಂಜಿ, ಮಜ್ಜಿಗೆ, ಎಳನೀರು, ಓಆರ್‌ಎಸ್ ನೀರು ಯಾವುದಾದರೂ ಸರಿ. ಬರೀ ನೀರು ಸಾಲದು. ಪರಂಗಿ ಎಲೆಯ ರಸ ಕೊಟ್ಟೆವು ಅಂತ ಆಸ್ಪತ್ರೆಗೆ ಹೋಗದೆ ಇರಬಾರದು.

ಜ್ವರ ಇಳಿದಾಗ ಏನಾಗುತ್ತೆ?

ಜ್ವರ ಬಿಟ್ಟರೆ "ಸದ್ಯ, ಗಂಡಾಂತರ ಕಳೆಯಿತು" ಅಂತ ಉಸಿರು ಬಿಡುತ್ತೇವೆ. ಡೆಂಗಿಯಲ್ಲಿ ಹಾಗಲ್ಲ. ಸಾಮಾನ್ಯವಾಗಿ 3ನೇ ದಿನದಿಂದ 7ನೇ ದಿನದ ಒಳಗೆ ಜ್ವರ ಇಳಿಯುತ್ತೆ. ಅಪಾಯ ಬರುವುದೂ ಆಗಲೇ.

ಹೊಸ ಮಡಕೆಯಿಂದ ನೀರು ಜಿನುಗುವುದನ್ನು ನೋಡಿದ್ದೇವೆ. ಡೆಂಗಿ ಜೋರಾದಾಗ ರಕ್ತನಾಳಗಳಿಂದ ನೀರಿನಂಶ ಹಾಗೇ ಜಿನುಗಿ ಹೊರಗೆ ಹೋಗುತ್ತೆ. ರಕ್ತ ಗಟ್ಟಿಯಾಗುತ್ತೆ. ನಾಡಿ ಕುಗ್ಗುತ್ತೆ. ಇದು ಒಂದೆರಡು ದಿನ ಇರುತ್ತೆ. ಆ ಹೊತ್ತಿನಲ್ಲಿ ಆಸ್ಪತ್ರೆಯಲ್ಲಿದ್ದರೆ ಜೀವ ಉಳಿಯುತ್ತೆ.

ಈ ಗುರುತುಗಳಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ರಾತ್ರಿಯಾದರೂ ಕಾಯಬಾರದು. 108ಕ್ಕೆ ಫೋನ್ ಮಾಡಬೇಕು.

1. ತಡೆಯಲಾರದ ಹೊಟ್ಟೆ ನೋವು
2. ಮತ್ತೆ ಮತ್ತೆ ವಾಂತಿ
3. ಮೂಗು, ವಸಡಿನಿಂದ ರಕ್ತ, ಕಪ್ಪು ಮಲ
4. ಮುಟ್ಟಿನಲ್ಲಿ ಎಂದಿಗಿಂತ ಹೆಚ್ಚು ಸ್ರಾವ
5. 6 ಗಂಟೆಯಾದರೂ ಮೂತ್ರ ಆಗದಿರುವುದು
6. ಕೈಕಾಲು ತಣ್ಣಗಾಗುವುದು
7. ಮಂಪರು, ಚಡಪಡಿಕೆ, ಉಸಿರಾಟಕ್ಕೆ ಕಷ್ಟ

ಬಸುರಿಯರು, ಹಸುಗೂಸುಗಳು, ಮುದುಕರು, ಸಕ್ಕರೆ ಕಾಯಿಲೆಯವರು ಈ ಗುರುತುಗಳಿಗೆ ಕಾಯಬಾರದು. ಜ್ವರ ಬಂದ ಕೂಡಲೇ ತೋರಿಸಬೇಕು.

ಇನ್ನೊಂದು ಮಾತು. ಮಗುವಿಗೆ ಜ್ವರ ಬಂದರೆ ಓಡುತ್ತೇವೆ. ನಮಗೇ ಬಂದರೆ "ಕೆಲಸ ಯಾರು ಮಾಡ್ತಾರೆ?" ಅಂತ ಮುಚ್ಚಿಡುತ್ತೇವೆ. ಡೆಂಗಿ ಹೆಂಗಸರು ಅಂತ ಬಿಡುವುದಿಲ್ಲ. ನಮ್ಮ ಜೀವವೂ ಜೀವವೇ.

ಸೊಳ್ಳೆ ಹುಟ್ಟದಂತೆ ಮಾಡೋಣ

ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಮನೆಯ ನಿಂತ ನೀರಿನಲ್ಲಿ. ತೊಟ್ಟಿ, ಡ್ರಮ್ಮು, ಹಳೇ ಟೈರು, ತೆಂಗಿನ ಚಿಪ್ಪು, ಒರಳುಕಲ್ಲು ಇವೇ ಅದರ ತವರು. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಬೇಕು. ಅದಕ್ಕೇ ವಾರಕ್ಕೊಂದು ದಿನ ನೀರೆಲ್ಲ ಚೆಲ್ಲಿ, ಪಾತ್ರೆ ಒಣಗಿಸಬೇಕು. ಬರೀ ಚೆಲ್ಲಿದರೆ ಸಾಲದು. ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿರುತ್ತೆ. ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕುತ್ತೆ. ಒಳಗೆ ಚೆನ್ನಾಗಿ ಉಜ್ಜಿ ತೊಳೆದು, ನೀರು ತುಂಬಿ, ಮುಚ್ಚಿಡೋಣ.

ಒಂದೇ ಮನೆಯವರು ತೊಳೆದರೆ ಸಾಲದು. ಪಕ್ಕದ ಮನೆ ಸೊಳ್ಳೆ ನಮ್ಮ ಮನೆಗೂ ಬರುತ್ತೆ. ಓಣಿಯವರೆಲ್ಲ ಸೇರಿ ವಾರದಲ್ಲಿ ಒಂದು ದಿನ ಗೊತ್ತು ಮಾಡೋಣ. ಡೆಂಗಿ ಹೆಚ್ಚಾಗಿ, 2024ರಲ್ಲಿ ಕರ್ನಾಟಕ ಸರ್ಕಾರ ಇದನ್ನು ಸಾಂಕ್ರಾಮಿಕ ರೋಗ ಎಂದು ಸಾರಿತು. ಸೊಳ್ಳೆ ಹುಟ್ಟಲು ಬಿಟ್ಟವರಿಗೆ ದಂಡ ಹಾಕುವ ನಿಯಮವನ್ನೂ ತಂದಿತು.

ಓದಿ, ಹೇಳಿ

ಇದು ಒಂದು ಮನೆಯ ಜ್ವರದ ಪುಸ್ತಕದ ಹಾಳೆ.

ಸೋಮವಾರ: ಜ್ವರ ಶುರು. ಮೂತ್ರ 5 ಸಲ.
ಮಂಗಳವಾರ: ಜ್ವರ ಇದೆ. ಮೂತ್ರ 5 ಸಲ.
ಬುಧವಾರ: ಜ್ವರ ಇದೆ. ಮೈಕೈ ನೋವು. ಮೂತ್ರ 4 ಸಲ.
ಗುರುವಾರ: ಜ್ವರ ಇಳಿಯಿತು. ವಾಂತಿ 3 ಸಲ. ಮಧ್ಯಾಹ್ನದಿಂದ ಮೂತ್ರ ಆಗಿಲ್ಲ.

1. ಗುರುವಾರ ಜ್ವರದ ಎಷ್ಟನೇ ದಿನ?
2. ಅವತ್ತು ಮನೆಯವರು ಏನು ಮಾಡಬೇಕು? ಯಾಕೆ?
3. ಕೊಡಬಾರದ ಮೂರು ಮಾತ್ರೆಗಳ ಹೆಸರು ಬರೆಯಿರಿ.
4. ನಿಮ್ಮ ಮನೆಯಲ್ಲಿ ನೀರು ನಿಲ್ಲುವ ಜಾಗಗಳ ಪಟ್ಟಿ ಮಾಡಿ. ನಾಳೆ ಕಲಿಕಾ ಕೇಂದ್ರಕ್ಕೆ ತನ್ನಿ. ಎಲ್ಲರೂ ಸೇರಿ ಓದೋಣ.