ಪಾರ್ಕಿನ್ಸನ್ ಜೊತೆಗೆ ಮರೆವೇ? ಮಾತ್ರೆ ಚೀಟಿಯನ್ನೂ ನೋಡಿ

ಕೈನಡುಕಕ್ಕೆ ವರ್ಷಗಟ್ಟಲೆ ಮಾತ್ರೆ ನುಂಗುತ್ತಿರುವ ಹಿರಿಯರು ಹಾಲಿನವನ ಲೆಕ್ಕ ತಪ್ಪತೊಡಗಿದರೆ ‘ವಯಸ್ಸಾಯಿತಲ್ಲ’ ಎಂದು ಮನೆಯವರು ಸುಮ್ಮನಾಗುತ್ತಾರೆ. 1817ರಲ್ಲಿ ಈ ಕಾಯಿಲೆಯನ್ನು ವಿವರಿಸಿದ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಕೂಡ ಬುದ್ಧಿಗೆ ಧಕ್ಕೆಯಾಗುವುದಿಲ್ಲ ಎಂದೇ ನಂಬಿದ್ದರು. ಆದರೆ ಸಿಡ್ನಿಯಲ್ಲಿ ರೋಗಿಗಳನ್ನು 20 ವರ್ಷ ಗಮನಿಸಿದ ಅಧ್ಯಯನದಲ್ಲಿ, ಅಲ್ಲಿಯವರೆಗೆ ಬದುಕಿದ್ದವರ ಪೈಕಿ ಶೇ 83ರಷ್ಟು ಮಂದಿಗೆ ಬುದ್ಧಿಶಕ್ತಿ ಕುಗ್ಗುವ ಡಿಮೆನ್ಶಿಯಾ ಬಂದಿತ್ತು.

ಅರವತ್ತು ದಾಟಿದ ಮೇಲೆ ಮಿದುಳು ಎಲ್ಲರಲ್ಲೂ ನಿಧಾನವಾಗಿ ಕುಗ್ಗುತ್ತದೆ. ಪಾರ್ಕಿನ್ಸನ್‌ನಲ್ಲಿ ಆಲ್ಫಾ ಸೈನ್ಯೂಕ್ಲಿಯಿನ್ ಎಂಬ ಪ್ರೋಟೀನ್ ನರಕೋಶಗಳಲ್ಲಿ ಗಂಟುಕಟ್ಟುತ್ತದೆ. ಚಲನೆಗೆ ಬೇಕಾದ ಡೋಪಮೈನ್ ಜೊತೆಗೆ ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಕೂಡ ಇಳಿಯುತ್ತದೆ. ಆದರೆ ಸ್ಕ್ಯಾನ್ ವರದಿಯಲ್ಲಿ ‘ಕುಗ್ಗಿದೆ’ ಎಂದಿದ್ದ ಮಾತ್ರಕ್ಕೆ ಎದೆಗುಂದಬೇಕಿಲ್ಲ. ನಿತ್ಯದ ಕೆಲಸ ಎಷ್ಟು ನಡೆಯುತ್ತಿದೆ ಎಂಬುದೇ ಮುಖ್ಯ.

ಆದ್ದರಿಂದ ಮೊದಲ ಕೆಲಸ, ಒಂದು ನೋಟ್‌ಬುಕ್ ಇಡುವುದು. ಈ ಕಾಯಿಲೆಯಲ್ಲಿ ಮರೆವಿಗಿಂತ ಮುಂಚೆ ಯೋಜನೆ ತಪ್ಪುವುದೇ ಹೆಚ್ಚು: ಅಡುಗೆ ಅರ್ಧಕ್ಕೆ ನಿಲ್ಲುತ್ತದೆ, ಬ್ಯಾಂಕ್ ಕೆಲಸ ಗೊಂದಲವಾಗುತ್ತದೆ. ಸುಳಿವು ಕೊಟ್ಟರೆ ನೆನಪಾಗುತ್ತದೆಯೇ, ಇಲ್ಲದ ಮಗುವೋ ನಾಯಿಯೋ ಕಾಣುತ್ತಿದೆಯೇ, ನಿದ್ದೆಯಲ್ಲಿ ಕೂಗಿ ಕೈಕಾಲು ಬೀಸುತ್ತಾರೆಯೇ ಎಂದು ದಿನಾಂಕ ಹಾಕಿ ಬರೆಯಿರಿ.

ಎರಡನೆಯದು, ಮತ್ತು ಬಹಳ ಮನೆಗಳಲ್ಲಿ ತಪ್ಪಿಹೋಗುವುದು, ಮಾತ್ರೆಗಳ ತಪಾಸಣೆ. ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ (ಪ್ಯಾಸಿಟೇನ್ ಎಂದರೆ ಬೇಗ ಗೊತ್ತಾಗುತ್ತದೆ) ಹಿರಿಯರಲ್ಲಿ ಮರೆವು, ಭ್ರಮೆ ಹೆಚ್ಚಿಸುತ್ತದೆ. ಕೆಲವು ನಿದ್ದೆ ಮಾತ್ರೆ, ಅಲರ್ಜಿ ಮಾತ್ರೆ, ಮೂತ್ರ ಹಿಡಿತದ ಮಾತ್ರೆಗಳೂ ಅಷ್ಟೇ. ನಸುಗುನ್ನಿ ಪುಡಿ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಅದರಲ್ಲಿ ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಎಂಬ ಔಷಧವೇ ಇದೆ. ಎಲ್ಲ ಸ್ಟ್ರಿಪ್‌ಗಳನ್ನು ಚೀಲಕ್ಕೆ ಹಾಕಿ ನರರೋಗ ತಜ್ಞರ ಮುಂದಿಡಿ. ನೀವೇ ಯಾವುದನ್ನೂ ಒಮ್ಮೆಲೇ ನಿಲ್ಲಿಸಬೇಡಿ, ಅದು ಅಪಾಯಕಾರಿ.

ಆಮೇಲೆ ಬಿ12, ಥೈರಾಯ್ಡ್ ಪರೀಕ್ಷೆ. ಮಲಗಿದಾಗ ಮತ್ತು ಎದ್ದು ನಿಂತಾಗ ಬಿ.ಪಿ. ನೋಡಿಸಿ. ಖಿನ್ನತೆಯೂ ಮರೆವಿನಂತೆಯೇ ಕಾಣುತ್ತದೆ, ಅದಕ್ಕೆ ಚಿಕಿತ್ಸೆ ಇದೆ.

ಇಷ್ಟಾದ ಮೇಲೂ ತೊಂದರೆ ಉಳಿದರೆ ನೆನಪಿನ ಪರೀಕ್ಷೆ ಕೇಳಿ: ಗಡಿಯಾರ ಬರೆಸುವ, ಪದ ನೆನಪಿಸುವ 30 ಅಂಕಗಳ ‘ಮೋಕಾ’ ಕನ್ನಡದಲ್ಲೂ ಇದೆ. ಪಾರ್ಕಿನ್ಸನ್ ಡಿಮೆನ್ಶಿಯಾಗೆ ರಿವಾಸ್ಟಿಗ್ಮಿನ್ ಎಂಬ ಔಷಧ ಇದೆ. ಗುಣಪಡಿಸುವುದಿಲ್ಲ, ಕೆಲವರಿಗೆ ಸ್ವಲ್ಪ ಅನುಕೂಲವಾಗುತ್ತದೆ. ಆ ಸ್ವಲ್ಪವೇ ನೋಡಿಕೊಳ್ಳುವ ಮನೆಯವರಿಗೆ ದೊಡ್ಡದು.

ಮನೆಯಲ್ಲಿ ದಿನವಹಿ ನಡಿಗೆ, ವಾರದ ಮಾತ್ರೆ ಡಬ್ಬಿ, ರಾತ್ರಿ ಸಣ್ಣ ದೀಪ, ಒಂದು ಸಲಕ್ಕೆ ಒಂದೇ ಮಾತು. ಉತ್ತರಕ್ಕೆ ಕಾಯಿರಿ, ಯೋಚನೆ ನಿಧಾನವಾಗಿದೆ, ನಿಂತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಪಾರ್ಕಿನ್ಸನ್ ಸೇರಿರುವುದರಿಂದ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿಗೂ ಅರ್ಜಿ ಹಾಕಬಹುದು.

ಗೊಂದಲ ಒಂದೆರಡು ದಿನದಲ್ಲೇ ಹಠಾತ್ತನೆ ಏರಿದರೆ ಅದು ಕಾಯಿಲೆಯ ಸಹಜ ನಡೆಯಲ್ಲ. ಮೂತ್ರದ ಸೋಂಕು, ನೀರಿನಂಶದ ಕೊರತೆ, ಬಿದ್ದು ತಲೆಯೊಳಗೆ ರಕ್ತ ಹೆಪ್ಪುಗಟ್ಟಿರುವುದು ಕಾರಣವಿರಬಹುದು. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ, ಪಾರ್ಕಿನ್ಸನ್ ಇದೆ ಎಂದು ಮೊದಲೇ ಹೇಳಿ. ಗಲಾಟೆ ತಗ್ಗಿಸಲು ಸಾಮಾನ್ಯವಾಗಿ ಕೊಡುವ ಹ್ಯಾಲೊಪೆರಿಡಾಲ್ ಇವರ ನಡುಕ, ಬಿಗಿತವನ್ನು ತೀವ್ರಗೊಳಿಸುತ್ತದೆ.