ಶೀತರಕ್ತ ಜೀವಿಗಳಿಗೆ ಕಾವು ಕೊಡುವ ಕ್ರಮ

ಪ್ರಾಣಿಗಳು ದೇಹದ ಉಷ್ಣವನ್ನು ಪಡೆಯುವ ರೀತಿಗೆ ಅನುಸಾರವಾಗಿ ಅವುಗಳನ್ನು ಎರಡು ಗುಂಪುಗಳಾಗಿ ವಿಂಗಡಿಸುವುದು ವಾಡಿಕೆ. ಮನುಷ್ಯ, ಹಸು, ಕೋಳಿ ಮೊದಲಾದವು ತಾವು ತಿಂದ ಆಹಾರದಿಂದಲೇ ಶಾಖವನ್ನು ಉತ್ಪತ್ತಿಮಾಡಿಕೊಳ್ಳುತ್ತವೆ. ಹೊರಗೆ ಚಳಿಯಿರಲಿ, ಸೆಕೆಯಿರಲಿ, ಮನುಷ್ಯನ ಮೈ ಸುಮಾರು 37 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ನಿಲ್ಲುತ್ತದೆ. ಹಾವು, ಹಲ್ಲಿ, ಆಮೆ, ಹುಳು ಮೊದಲಾದವುಗಳಿಗೆ ಈ ಅನುಕೂಲವಿಲ್ಲ. ಸುತ್ತಲಿನ ನೆಲ, ಗಾಳಿ, ಬಿಸಿಲುಗಳೇ ಅವುಗಳ ಒಲೆ. ಇವನ್ನು ಶೀತರಕ್ತ ಜೀವಿಗಳೆಂದು ಕರೆಯುತ್ತಾರೆ. ಹೆಸರು ಅಷ್ಟು ಸಮರ್ಪಕವಾದುದಲ್ಲ. ಬೇಲಿಯ ಮೇಲೆ ಬಿಸಿಲು ಕಾಯಿಸುತ್ತಿರುವ ಓತಿಕ್ಯಾತದ ರಕ್ತ ನಮ್ಮ ರಕ್ತದಷ್ಟೇ ಬಿಸಿಯಾಗಿರಬಹುದು. ಅದರ ಉಷ್ಣ ಅದರ ಕೈಯಲ್ಲಿಲ್ಲ, ಅದು ಇರುವ ಜಾಗದ ಕೈಯಲ್ಲಿದೆ ಎಂಬುದಷ್ಟೇ ಆ ಹೆಸರಿನ ಅರ್ಥ.

ಇಂತಹ ಜೀವಿಯನ್ನು ಮನುಷ್ಯನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದೊಡನೆ ಅದರ ಬಿಸಿಲಿನ ಹೊಣೆ, ನೆರಳಿನ ಹೊಣೆ ಎರಡೂ ಅವನ ಮೇಲೆ ಬೀಳುತ್ತದೆ. ನಗರಗಳಲ್ಲಿ ಕೆಲವರು ಪರದೇಶದ ಹಾವುಗಳನ್ನು ಪ್ಲಾಸ್ಟಿಕ್ ತೊಟ್ಟಿಗಳಲ್ಲಿಟ್ಟು ಸಾಕುವುದನ್ನು ಕೇಳಿ ನಮ್ಮ ತರಗತಿಯ ಮಿತ್ರರು, "ಪ್ಲಾಸ್ಟಿಕ್ ಕರಗದಂತೆ, ಹಾವು ಬೇಯದಂತೆ ಅದನ್ನು ಬೆಚ್ಚಗಿಡುವುದು ಹೇಗೆ?" ಎಂದು ಕೇಳಿದರು. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಆದರೆ ನಮ್ಮೂರು ಬದನವಾಳು. 1927ರಲ್ಲಿ ಗಾಂಧೀಜಿ ಬಂದುಹೋದ ಖಾದಿ ಕೇಂದ್ರದಿಂದ ಹೊರಗಿನವರು ಅದನ್ನು ಬಲ್ಲರು. ನಂಜನಗೂಡು, ತಿರುಮಕೂಡಲು ನರಸೀಪುರಗಳ ಈ ಸೀಮೆಯಲ್ಲಿ ರೇಷ್ಮೆ ಸಾಕುವ ಮನೆಗಳಿವೆ. ರೇಷ್ಮೆ ಹುಳುವೂ ಶೀತರಕ್ತದ ಜೀವಿಯೇ. ಅದನ್ನೂ ತಟ್ಟೆಗಳಲ್ಲಿಟ್ಟು ಕಾವು ಕೊಟ್ಟೇ ಬೆಳೆಸಬೇಕು. ಆದುದರಿಂದ ಕಂಡದ್ದನ್ನೂ ಓದಿದ್ದನ್ನೂ ಸೇರಿಸಿ, ಬಲ್ಲದ್ದರಿಂದ ಬಲ್ಲದ್ದಲ್ಲದರ ಕಡೆಗೆ ಹೋಗುವ ಕ್ರಮದಲ್ಲಿ ಈ ಲೇಖನವನ್ನು ಬರೆದಿದ್ದೇನೆ.

ಚಾಕಿ ಮನೆಯ ಪಾಠ

ಮೊಟ್ಟೆಯಿಂದ ಹೊರಬಂದ ರೇಷ್ಮೆ ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಎಂದರೆ ಪೊರೆ ಬಿಡುತ್ತದೆ. ಹೀಗೆ ಅದರ ಬಾಳು ಐದು ಹಂತಗಳಾಗುತ್ತವೆ. ಮೊದಲ ಎರಡು ಹಂತದ ಹುಳುವನ್ನು ಚಾಕಿ ಹುಳು ಎನ್ನುತ್ತಾರೆ. ಮೊದಲನೆಯ ಹಂತಕ್ಕೆ ಸುಮಾರು 28 ಡಿಗ್ರಿ, ಎರಡನೆಯದಕ್ಕೆ 27, ಮೂರನೆಯದಕ್ಕೆ 26, ನಾಲ್ಕನೆಯದಕ್ಕೆ 25, ಐದನೆಯದಕ್ಕೆ 24 ಡಿಗ್ರಿ ಹಿತವೆಂದು ರೇಷ್ಮೆ ಶಾಸ್ತ್ರದ ಪಾಠ. ಗಾಳಿಯ ತೇವಾಂಶವೂ ಶೇಕಡ 85ರಿಂದ ಇಳಿಯುತ್ತಾ ಕೊನೆಗೆ 70ಕ್ಕೆ ಬರಬೇಕು. ಮಗು ಚಿಕ್ಕದಾಗಿರುವಾಗ ಹೆಚ್ಚು ಕಾವು, ಬೆಳೆದಂತೆ ಕಡಮೆ ಕಾವು ಎಂದು ನೆನಪಿಟ್ಟುಕೊಂಡರೆ ಸಾಕು.

ನಮ್ಮಲ್ಲಿ ಮಾರ್ಗಶಿರ, ಪುಷ್ಯ ಮಾಸಗಳ ಬೆಳಗಿನ ಜಾವ ಚಳಿ ಹದಿನಾರು ಹದಿನೇಳು ಡಿಗ್ರಿಗೆ ಇಳಿಯುತ್ತದೆ. ಆಗ ಕಾವು ಸಾಲದಿದ್ದರೆ ಹುಳು ಸೊಪ್ಪನ್ನು ಮೆಲ್ಲಗೆ ತಿನ್ನುತ್ತದೆ. ಒಂದು ತಟ್ಟೆಯವೇ ಕೆಲವು ಇಂದು ಜ್ವರಕ್ಕೆ ಕೂತರೆ ಕೆಲವು ನಾಳೆ ಕೂರುತ್ತವೆ. ಕಾವು ಮಿತಿಮೀರಿದರೆ ಸೊಪ್ಪು ಬಾಡುತ್ತದೆ, ಹುಳು ರೋಗಕ್ಕೆ ಈಡಾಗುತ್ತದೆ. ಸಾಲಮಾಡಿ ಮೊಟ್ಟೆ ತಂದ ಮನೆಗೆ ಈ ನಾಲ್ಕಾರು ಡಿಗ್ರಿಯ ವ್ಯತ್ಯಾಸ ಇಡೀ ಬೆಳೆಯ ಪ್ರಶ್ನೆ.

ಹಿಂದಿನ ಕಾಲದಲ್ಲಿ ಕಾವಿಗೆ ಇದ್ದಿಲ ಒಲೆಯೇ ಗತಿ. ಅದರಲ್ಲಿ ಎರಡು ಕೇಡುಗಳಿವೆ. ಒಲೆಯ ಹತ್ತಿರದ ತಟ್ಟೆ ಸುಡುತ್ತದೆ, ಮೂಲೆಯ ತಟ್ಟೆ ತಣ್ಣಗಿರುತ್ತದೆ. ಇದಕ್ಕಿಂತ ಘೋರವಾದುದು, ಮುಚ್ಚಿದ ಕೋಣೆಯಲ್ಲಿ ಇದ್ದಿಲು ಅರೆಯಾಗಿ ಉರಿದು ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹೊರಡುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಹುಳು ನೋಡಿಕೊಳ್ಳಲೆಂದು ಅಲ್ಲಿಯೇ ಮಲಗಿದ ಮನುಷ್ಯನು ಮತ್ತೆ ಏಳದೆ ಹೋಗಬಹುದು. ಆದುದರಿಂದ ಕಾವು ಕೊಡುವ ಕೋಣೆಯಲ್ಲಿ ಗಾಳಿಗೆ ದಾರಿ ಇರಲೇಬೇಕು, ಅಲ್ಲಿ ಯಾರೂ ಮಲಗಬಾರದು.

ಚಾಕಿ ಮನೆ ಕಲಿಸುವ ಪಾಠಗಳು ಮೂರು. ಕಾವನ್ನು ಅಂದಾಜಿನಿಂದಲ್ಲ, ಉಷ್ಣಮಾಪಕದಿಂದ ಅಳೆಯಬೇಕು. ಗೋಡೆಯ ಬಳಿಯ ಕಾವನ್ನಲ್ಲ, ಹುಳು ಇರುವ ತಟ್ಟೆಯ ಕಾವನ್ನು ಅಳೆಯಬೇಕು. ಕಾವಿನ ಜೊತೆಗೆ ತೇವವನ್ನೂ ಗಾಳಿಯನ್ನೂ ನೋಡಬೇಕು. ಹಾವಿನ ತೊಟ್ಟಿಗೂ ಈ ಮೂರೇ ಸೂತ್ರಗಳು.

ಯಾವ ಹಾವು?

ಮುಂದೆ ಹೋಗುವ ಮೊದಲು ಕಾನೂನಿನ ಮಾತು. ನಮ್ಮ ಹೊಲಗದ್ದೆಗಳ ನಾಗರಹಾವು, ಕೇರೆ, ಕೊಳಕುಮಂಡಲ, ಹೆಬ್ಬಾವುಗಳನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಸೆರೆಮನೆ ವಾಸದ ಶಿಕ್ಷೆಯುಂಟು. ಸಾಕುವವರು ಸಾಕುವುದು ಆಫ್ರಿಕದ ಬಾಲ್ ಪೈಥಾನ್ ಎಂಬ ಸಣ್ಣ ಹೆಬ್ಬಾವು, ಅಮೆರಿಕದ ಕಾರ್ನ್ ಸ್ನೇಕ್ ಮೊದಲಾದ ವಿಷವಿಲ್ಲದ ಹಾವುಗಳನ್ನು. ಅವುಗಳಲ್ಲಿಯೂ ಬಾಲ್ ಪೈಥಾನಿನಂತೆ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿದವನ್ನು ಕಾಯಿದೆಯ 2022ರ ತಿದ್ದುಪಡಿಯಂತೆ ಸರ್ಕಾರದಲ್ಲಿ ನೋಂದಾಯಿಸಬೇಕು. ಹಾವನ್ನು ಹತ್ತಿರದಿಂದ ನೋಡುವ ಆಸೆಯಿದ್ದವರಿಗೆ 1892ರಲ್ಲಿ ಸ್ಥಾಪನೆಯಾದ ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯವಿದೆ. ಸಾಕುವ ಮೊದಲು ಇದನ್ನು ಯೋಚಿಸುವುದು ಒಳ್ಳೆಯದು.

ತೊಟ್ಟಿಗೆ ಕಾವು ಕೊಡುವ ಬಗೆ

ಹಾವಿಗೆ ಬೇಕಾದುದು ಒಂದೇ ಸಮನಾದ ಬಿಸಿಯಲ್ಲ, ಆಯ್ಕೆ. ಹೊರಗೆ ಅದು ಬಿಸಿಲು ಬೇಕಾದಾಗ ಬದುವಿಗೆ ಬರುತ್ತದೆ, ಸಾಕಾದಾಗ ಬಿಲಕ್ಕೆ ಹೋಗುತ್ತದೆ. ತೊಟ್ಟಿಯಲ್ಲಿಯೂ ಒಂದು ತುದಿ ಬಿಲ, ಇನ್ನೊಂದು ತುದಿ ಬದುವಾಗಬೇಕು. ಬಾಲ್ ಪೈಥಾನಿಗೆ ಬಿಸಿ ತುದಿಯಲ್ಲಿ ಸುಮಾರು 31 ಡಿಗ್ರಿ, ತಣ್ಣನೆಯ ತುದಿಯಲ್ಲಿ ಸುಮಾರು 25 ಡಿಗ್ರಿ ಇದ್ದರೆ ಸರಿ. ಕಾವು ತೀರ ಕಡಮೆಯಾದರೆ ನುಂಗಿದ ಇಲಿ ಹೊಟ್ಟೆಯಲ್ಲಿ ಜೀರ್ಣವಾಗದೆ ಹಾವು ಅದನ್ನು ಕಕ್ಕಿಬಿಡುತ್ತದೆ. ಹೆಚ್ಚಾದರೆ ಇನ್ನೂ ಕೇಡು. ಮನುಷ್ಯನು ಬಿಸಿ ತಗುಲಿದೊಡನೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಹಾವು ಅನೇಕ ವೇಳೆ ಸುಡುವ ನೆಲದ ಮೇಲೆ ಹಾಗೆಯೇ ಮಲಗಿ ಹೊಟ್ಟೆಯ ಹುರುಪೆಗಳನ್ನು ಸುಟ್ಟುಕೊಳ್ಳುತ್ತದೆ.

ವಿದ್ಯುತ್ ಬಲ್ಬನ್ನು ಪ್ಲಾಸ್ಟಿಕ್ ತೊಟ್ಟಿಯೊಳಗೆ ಇಳಿಬಿಡುವುದು ಸರ್ವಥಾ ಕೂಡದು. ಬಲ್ಬಿನ ತಂತಿ ಎರಡು ಸಾವಿರ ಡಿಗ್ರಿಗೂ ಮೀರಿ ಕಾಯುತ್ತದೆ. ಗಾಜೂ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುವಷ್ಟು ಬಿಸಿಯಾಗುತ್ತದೆ. ಹಾವು ಅದನ್ನು ಸುತ್ತಿಕೊಂಡರೆ ಸುಟ್ಟುಹೋಗುತ್ತದೆ. ಇದಕ್ಕಾಗಿಯೇ ತೆಳುವಾದ ಕಾವಿನ ಹಾಳೆಗಳು ದೊರೆಯುತ್ತವೆ. ಅದನ್ನು ತೊಟ್ಟಿಯ ಹೊರಗೆ, ತಳದ ಮೂರನೆಯ ಒಂದು ಭಾಗಕ್ಕೆ ಮಾತ್ರ ಬರುವಂತೆ ಅಂಟಿಸಬೇಕು.

ಇಲ್ಲಿ ಪ್ಲಾಸ್ಟಿಕ್ಕಿನ ಗುಣವನ್ನು ತಿಳಿಯಬೇಕು. ಅದು ಶಾಖವನ್ನು ಸುಲಭವಾಗಿ ಸಾಗಗೊಡುವುದಿಲ್ಲ. ತೊಟ್ಟಿಯನ್ನು ಹಾಳೆಯ ಸಮೇತ ಮೇಜಿಗೆ ಒತ್ತಿಟ್ಟರೆ ಹೊರಹೋಗಲಾರದ ಶಾಖ ನಡುವೆಯೇ ಸೇರುತ್ತಾ ಹೋಗುತ್ತದೆ. ಆದುದರಿಂದ ತೊಟ್ಟಿಯ ನಾಲ್ಕು ಮೂಲೆಗಳಿಗೆ ಅಡ್ಡೆ ಕೊಟ್ಟು ಕೆಳಗೆ ಗಾಳಿಯಾಡುವಂತೆ ಎತ್ತರಿಸಬೇಕು. ಒಳಗೆ ಹಾಸು ದಪ್ಪವಾದಷ್ಟೂ ತಳದ ಬಿಸಿ ಹೆಚ್ಚುತ್ತದೆ. ಹಾಸನ್ನು ಅಗೆದು ಕೆಳಗಿಳಿಯುವ ಹಾವು ಆ ಬಿಸಿಯ ಮೇಲೆಯೇ ಮಲಗುತ್ತದೆ. ಹಾಸು ತೆಳುವಾಗಿರಲಿ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕು ಸುಮಾರು 160 ಡಿಗ್ರಿಯಲ್ಲಿ ಕರಗುವುದರಿಂದ ಗಟ್ಟಿಯಾದುದು. ತೊಟ್ಟಿಯ ತಳದಲ್ಲಿ ತ್ರಿಕೋನದೊಳಗೆ 5 ಎಂಬ ಅಂಕೆ ಅದರ ಗುರುತು. ಆದರೆ ಪ್ಲಾಸ್ಟಿಕ್ಕು ಕರಗಲಿಲ್ಲವೆಂಬುದು ಕ್ಷೇಮಕ್ಕೆ ಸಾಕ್ಷಿಯಲ್ಲ. ಅದು ಕರಗುವುದಕ್ಕೆ ಬಹಳ ಮೊದಲೇ ಹಾವು ಸತ್ತಿರುತ್ತದೆ.

ಹಾಳೆಯನ್ನು ನೇರವಾಗಿ ವಿದ್ಯುತ್ತಿಗೆ ಕೂಡಿಸದೆ ಥರ್ಮೊಸ್ಟಾಟ್ ಎಂಬ ಉಷ್ಣನಿಯಂತ್ರಕದ ಮೂಲಕ ಕೂಡಿಸಬೇಕು. ಗೊತ್ತುಮಾಡಿದ ಡಿಗ್ರಿ ಮುಟ್ಟಿದಾಗ ಅದು ವಿದ್ಯುತ್ತನ್ನು ತಡೆಯುತ್ತದೆ, ಇಳಿದಾಗ ಬಿಡುತ್ತದೆ. ಉಷ್ಣವನ್ನು ತಿಳಿಯುವ ಅದರ ತುದಿಯನ್ನು ಹಾಳೆಗೂ ತೊಟ್ಟಿಗೂ ನಡುವೆ ಭದ್ರವಾಗಿ ಅಂಟಿಸಬೇಕು. ಒಳಗೆ ಸಡಿಲವಾಗಿ ಬಿಟ್ಟರೆ ಹಾವು ಅದನ್ನು ತಣ್ಣನೆಯ ಕಡೆಗೆ ತಳ್ಳಬಹುದು. ಆಗ ಯಂತ್ರವು "ಇನ್ನೂ ಚಳಿ" ಎಂದು ತಿಳಿದು ಶಾಖವನ್ನು ಬಿಡುತ್ತಲೇ ಹೋಗುತ್ತದೆ. ಹೀಗಿರಲಾಗಿ ಯಂತ್ರದ ಮಾತನ್ನೇ ನಂಬದೆ, ಹಾವು ಮಲಗುವ ನೆಲದ ಮೇಲೆ ಬೇರೊಂದು ಉಷ್ಣಮಾಪಕವಿಟ್ಟು ದಿನವೂ ನೋಡಬೇಕು. ಹಾವನ್ನು ಬಿಡುವ ಮೊದಲು ಬರಿಯ ತೊಟ್ಟಿಯನ್ನು ಒಂದೆರಡು ದಿನ ನಡೆಸಿ ನೋಡುವುದು ಜಾಣತನ.

ನಮ್ಮ ಹಳ್ಳಿಗಳಿಗೆ ವಿಶೇಷವಾದ ಇನ್ನೊಂದು ಮಾತು. ವಿದ್ಯುತ್ತಿನ ಒತ್ತಡ 230 ವೋಲ್ಟ್ ಇರಬೇಕಾದುದು ಕೆಲವೊಮ್ಮೆ ಏರುಪೇರಾಗುತ್ತದೆ. ಹಾಳೆಯ ಶಾಖ ಒತ್ತಡದ ವರ್ಗಕ್ಕೆ ಅನುಗುಣವಾಗಿ ಬದಲಾಗುತ್ತದೆ. ಒತ್ತಡ 260ಕ್ಕೆ ಏರಿದರೆ ಹೆಚ್ಚಿದುದು ಶೇಕಡ 13 ಮಾತ್ರ. ಆದರೆ ಶಾಖ ಶೇಕಡ 28ರಷ್ಟು ಹೆಚ್ಚುತ್ತದೆ. 190ಕ್ಕೆ ಇಳಿದರೆ ಮೂರರಲ್ಲಿ ಒಂದು ಪಾಲು ಶಾಖ ಕಡಮೆಯಾಗುತ್ತದೆ. ಆದುದರಿಂದ ನಿಯಂತ್ರಕ ಕೆಟ್ಟರೂ ಅನಾಹುತವಾಗದಷ್ಟು ಸಣ್ಣ ಹಾಳೆಯನ್ನು ಆರಿಸುವುದು ಕ್ಷೇಮ. ಹತ್ತು ವಾಟಿನ ಹಾಳೆ ಹಗಲಿರುಳು ಉರಿದರೂ ತಿಂಗಳಿಗೆ ಏಳು ಯೂನಿಟ್ಟಿಗೆ ಸ್ವಲ್ಪ ಮೇಲೆ. ಅರವತ್ತು ವಾಟಿನ ಬಲ್ಬಿಗೆ ನಲವತ್ತಮೂರು ಯೂನಿಟ್ಟು.

ಇಷ್ಟೆಲ್ಲಾ ಕಟ್ಟುಪಾಡುಗಳು ಹುಟ್ಟಿದುದು ಶೀತದೇಶಗಳಲ್ಲಿ. ನಂಜನಗೂಡಿನ ಬೇಸಗೆಯಲ್ಲಿ ಕಾವು ಬೇಕಿಲ್ಲ, ತಂಪೇ ಬೇಕು. ಚೈತ್ರ, ವೈಶಾಖಗಳಲ್ಲಿ ಹಾಳೆಯನ್ನು ತೆಗೆದು ತೊಟ್ಟಿಯನ್ನು ನೆರಳಿಗೆ ಸೇರಿಸಬೇಕು. ಪುಸ್ತಕದ ಡಿಗ್ರಿಯನ್ನು ಅನುಸರಿಸಬೇಕೇ ಹೊರತು ಪುಸ್ತಕದ ತಿಂಗಳನ್ನಲ್ಲ.

ತಾಯಿ ಹೆಬ್ಬಾವಿನ ಕಾವು

ಹಾವು ತನ್ನ ಶಾಖವನ್ನು ತಾನೇ ಹುಟ್ಟಿಸಿಕೊಳ್ಳಲಾರದೆಂಬ ನಿಯಮಕ್ಕೆ ಒಂದು ಸೊಗಸಾದ ಅಪವಾದವಿದೆ. ಹೆಬ್ಬಾವು ಜಾತಿಯ ಕೆಲವು ತಾಯಂದಿರು ಮೊಟ್ಟೆಗಳ ಸುತ್ತ ಸುರುಳಿಯಾಗಿ ಮಲಗಿ, ಮೈಯ ಮಾಂಸಖಂಡಗಳನ್ನು ಬಾರಿಬಾರಿಗೂ ಅದುರಿಸಿ ಶಾಖವನ್ನು ಹುಟ್ಟಿಸುತ್ತವೆ. ಹಚಿಸನ್, ಡೌಲಿಂಗ್, ವಿನೆಗರ್ ಎಂಬ ವಿಜ್ಞಾನಿಗಳು 1966ರಲ್ಲಿ ಇದನ್ನು ಅಳೆದು ಪ್ರಕಟಿಸಿದರು. ಹೊರಗಿನ ಚಳಿ ಹೆಚ್ಚಿದಂತೆ ತಾಯಿಯ ಅದುರುವಿಕೆಯೂ ಹೆಚ್ಚುತ್ತಿತ್ತು. ಒಂದು ರೀತಿಯಲ್ಲಿ ಅದೇ ಮೊದಲ ಉಷ್ಣನಿಯಂತ್ರಕ. ಮಲೆನಾಡಿನ ಕಾಳಿಂಗಸರ್ಪದ ತಾಯಿ ಮೊಟ್ಟೆಗಳಿಗಾಗಿ ತರಗೆಲೆಗಳನ್ನು ಗುಡ್ಡೆಮಾಡಿ ಗೂಡು ಕಟ್ಟುತ್ತದೆ. ಕಾವು ಎಂಬುದು ಸಾಕುವವನ ಅಲಂಕಾರವಲ್ಲ, ತಾಯ್ತನದ ಕೆಲಸವೆಂಬುದು ಇದರಿಂದ ತಿಳಿಯುತ್ತದೆ.

ಊರಿನವರಿಗೆ ಒಂದು ಮಾತು

ಹಾವು ಸಾಕುವವರು ನಮ್ಮಲ್ಲಿ ವಿರಳ. ಆದರೆ ಮನೆಗೆ ಬಂದ ಹಾವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಿಡಿಸುವವರು ಈಗ ಹಳ್ಳಿಗಳಲ್ಲಿಯೂ ಇದ್ದಾರೆ. ಕೊಲ್ಲದೆ ಹಿಡಿಸಿದ್ದು ದೊಡ್ಡ ಮಾತು. ಆದರೆ ಆ ಡಬ್ಬಿಯನ್ನು ಜನರು ನೋಡಲೆಂದು ಬಿಸಿಲಿನಲ್ಲಿಟ್ಟರೆ ಕೊಲ್ಲದೆಯೇ ಕೊಂದಂತಾಗುತ್ತದೆ. ಮುಚ್ಚಿದ ಪ್ಲಾಸ್ಟಿಕ್ಕಿನೊಳಗೆ ಬಿಸಿಲು ಹೊಕ್ಕರೆ ಉಷ್ಣ ಬಹುಬೇಗ ಏರುತ್ತದೆ. ಒಳಗಿನ ಜೀವಕ್ಕೆ ಹೋಗಲು ನೆರಳಿಲ್ಲ. ಡಬ್ಬಿಗೆ ಗಾಳಿಯ ತೂತುಗಳಿರಲಿ, ನೆರಳಿನಲ್ಲಿರಲಿ, ಬಲ್ಲವರು ತಡಮಾಡದೆ ಅದನ್ನು ಬಿಡಲಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಗಾದೆಯನ್ನು ನಾವು ವ್ಯವಹಾರದ ಜಾಣತನಕ್ಕೆ ಬಳಸುತ್ತೇವೆ. ಇಲ್ಲಿ ಅದನ್ನು ಅಕ್ಷರಶಃ ಪಾಲಿಸಬೇಕಾಗಿದೆ.

ಹುಳುವಾಗಲಿ, ಹಾವಾಗಲಿ, ತನಗೆ ಸೆಕೆಯಾಯಿತೆಂದು ಕೂಗಿ ಹೇಳಲಾರದು. ಅದರ ಪರವಾಗಿ ನಾವು ಉಷ್ಣಮಾಪಕವನ್ನು ಓದಬೇಕು. ಚಾಕಿ ಮನೆಯಲ್ಲಿ ನಡುರಾತ್ರಿ ಎದ್ದು ತಟ್ಟೆ ನೋಡುವ ನಮ್ಮ ತಾಯಂದಿರಿಗೆ ಈ ಶಾಸ್ತ್ರ ಹೊಸದಲ್ಲ. ಅದನ್ನು ನಾವು ಓದಿದವರು ಅಂಕೆಗಳಲ್ಲಿ ಬರೆದುಕೊಂಡಿದ್ದೇವೆ, ಅಷ್ಟೆ.