ಬಿಸಿಲ ನಾಡಿನಲ್ಲಿ ಜೀಬ್ರಾ ಮೀನು

ಜೀಬ್ರಾ ಡೇನಿಯೊ ಸಾಕೋದು ಸುಲಭ, ಒಂದು ಹೀಟರ್ ತಗೊಂಡು ಶುರು ಮಾಡಿ ಅಂತ ಚಳಿ ದೇಶದವರ ಪುಸ್ತಕಗಳು ಹೇಳುತ್ತವೆ. ಜೇವರ್ಗಿ ತಾಲ್ಲೂಕಿನ ಅಂದೋಲಾದಂಥ ಊರಲ್ಲಿ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಅಲ್ಲಿ ಹೀಟರ್ ಮಾತು ತಮಾಷೆ. ಮೀನನ್ನು ಬೇಸಿಗೆ ದಾಟಿಸೋದು ಹೇಗೆ ಅನ್ನೋದೇ ಪ್ರಶ್ನೆ.

ಮೀನು ನಾಲ್ಕು ಸೆಂಟಿಮೀಟರ್ ಆಸುಪಾಸು ಇರುತ್ತದೆ. ಜೀಬ್ರಾ ಪ್ರಾಣಿಗೆ ಪಟ್ಟೆ ಮೇಲಿಂದ ಕೆಳಗೆ, ಇದಕ್ಕೆ ತಲೆಯಿಂದ ಬಾಲದವರೆಗೆ ಉದ್ದುದ್ದ ನೀಲಿ ಪಟ್ಟೆ. 1822ರಲ್ಲಿ ಗಂಗಾನದಿಯ ಮೀನುಗಳ ಪುಸ್ತಕದಲ್ಲಿ ಇದನ್ನು ಮೊದಲು ವಿವರಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್. 1800-01ರಲ್ಲಿ ಮೈಸೂರು, ಕೆನರಾ ಸುತ್ತಿ ಪ್ರವಾಸಕಥನ ಬರೆದ ಬುಕಾನನ್ ಇದ್ದಾನಲ್ಲ, ಅವನೇ ಇವನು! ಈಗ ಲ್ಯಾಬ್‌ಗಳಲ್ಲಿ ಜೀನ್ ಸಂಶೋಧನೆಗೆ ಇದೇ ಮೀನನ್ನು 28.5 ಡಿಗ್ರಿ ನೀರಲ್ಲಿ ಸಾಕುತ್ತಾರೆ. ಬೇಸಿಗೆಯಲ್ಲಿ ನೀರು ಅದರ ಹತ್ತಿರ ಇದ್ದರೆ ನಾವು ಗೆದ್ದ ಹಾಗೆ.

ನೀರು ಬಿಸಿಯಾದರೆ ಆಕ್ಸಿಜನ್ ಕಡಿಮೆಯಾಗುತ್ತದೆ. 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಕರಗಿದರೆ 35ರಲ್ಲಿ 7 ಮಾತ್ರ. ಇದು ಎಲ್ಲರಿಗೂ ಗೊತ್ತು. ನನ್ನ ಪ್ರಕಾರ ದೊಡ್ಡ ಅಪಾಯ ಅಮೋನಿಯಾ. ಮೀನಿನ ಕಸ, ಉಳಿದ ಆಹಾರದಿಂದ ಬರುವ ಅಮೋನಿಯಾ ನೀರಲ್ಲಿ ಎರಡು ರೂಪದಲ್ಲಿರುತ್ತದೆ. ಅಯಾನ್ ಆಗದ ರೂಪವೇ ಹೆಚ್ಚು ವಿಷ. ನೀರಿನ ಪಿಎಚ್ 8 ಅಂದುಕೊಳ್ಳಿ. 25 ಡಿಗ್ರಿಯಲ್ಲಿ ಆ ರೂಪದ ಪಾಲು ಸುಮಾರು 5%, 35ರಲ್ಲಿ 10%. ಅದೇ ಟ್ಯಾಂಕ್, ಅದೇ ಮೀನು, ಅದೇ ಊಟ. ವಿಷ ಮಾತ್ರ ಡಬಲ್. ಅದಕ್ಕೇ ಬೇಸಿಗೆಯಲ್ಲಿ ಆಹಾರ ಕಡಿಮೆ ಹಾಕಬೇಕು.

ತಂಪು ಮಾಡಲು ಐಸ್ ಸುರಿಯಬೇಡಿ, ಉಷ್ಣತೆ ಒಮ್ಮೆಲೇ ಇಳಿದರೆ ಮೀನಿಗೆ ಆಘಾತ. ಮಣ್ಣಿನ ಗಡಿಗೆಯ ಉಪಾಯ ಸಾಕು: ನೀರಿನ ಮೇಲ್ಮೈಗೆ ಒಂದು ಸಣ್ಣ ಫ್ಯಾನ್ ಇಡಿ. ಲೆಕ್ಕ ನೋಡಿ. 50 ಲೀಟರ್ ನೀರು ಒಂದು ಡಿಗ್ರಿ ಇಳಿಯಲು ಸುಮಾರು 210 ಕಿಲೋಜೌಲ್ ಹೋಗಬೇಕು. ಒಂದು ಲೀಟರ್ ಆವಿಯಾದರೆ ಸುಮಾರು 2400 ಕಿಲೋಜೌಲ್ ಹೋಗುತ್ತದೆ. ಅಂದರೆ 11 ಡಿಗ್ರಿ! ಅಷ್ಟು ಸಿಗಲ್ಲ ಬಿಡಿ, ಕೋಣೆಯ ಬಿಸಿ ವಾಪಸ್ ಒಳಗೆ ಬರುತ್ತಲೇ ಇರುತ್ತದೆ. ಎರಡು-ಮೂರು ಡಿಗ್ರಿ ಇಳಿದರೂ ಲಾಭವೇ. ನಮ್ಮ ಕಡೆಯ ಒಣ ಗಾಳಿ ಇಲ್ಲಿ ಉಪಕಾರಕ್ಕೆ ಬರುತ್ತದೆ. ಮಂಗಳೂರಿನ ಸೆಕೆಯಲ್ಲಿ ಇದೇ ಫ್ಯಾನ್ ಇಷ್ಟು ಕೆಲಸ ಮಾಡಲ್ಲ.

ಆದರೆ ಫ್ಯಾನಿಗೆ ಮುಚ್ಚಳ ತೆಗೆಯಬೇಕು, ಡೇನಿಯೊ ಜಿಗಿಯುವ ಮೀನು. ಸೊಳ್ಳೆ ಪರದೆಯ ಬಟ್ಟೆ ಬಿಗಿದು ಕಟ್ಟಿದರೆ ಎರಡೂ ಆಯಿತು. ಇನ್ನೊಂದು: ನೀರು ಆವಿಯಾದರೂ ಲವಣ ಅಲ್ಲೇ ಉಳಿಯುತ್ತದೆ. ಕಡಿಮೆಯಾದಷ್ಟಕ್ಕೆ ಮತ್ತೆ ಗಡಸು ಬೋರ್ ನೀರನ್ನೇ ಹಾಕಿದರೆ ಗಡಸುತನ ಏರುತ್ತಾ ಹೋಗುತ್ತದೆ. ಅಷ್ಟಕ್ಕೆ ಕ್ಯಾನಿನ ಫಿಲ್ಟರ್ ನೀರು ಹಾಕಿ. ವಾರಕ್ಕೊಮ್ಮೆ ಕಾಲು ಭಾಗ ಬದಲಿಸುವಾಗ ಮಾತ್ರ ಎಂದಿನ ನೀರು. ನಳದ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ಬಕೆಟ್ಟಿನಲ್ಲಿ ಇಟ್ಟು ಹಾಕಿ.

ಕರೆಂಟ್ ಹೋದಾಗ ಪವರ್ ಬ್ಯಾಂಕಿನಲ್ಲಿ ನಡೆಯುವ ಚಿಕ್ಕ ಏರ್ ಪಂಪ್ ಇರಲಿ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾಕ್ಕೂ ಆಕ್ಸಿಜನ್ ಬೇಕು. ಹೊಸ ಟ್ಯಾಂಕಿನಲ್ಲಿ ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು, ಹಾಗಾಗಿ ದೀಪಾವಳಿ ಆದಮೇಲೆ ಶುರು ಮಾಡಿ, ಏಪ್ರಿಲ್‌ನಲ್ಲಿ ಬೇಡ. ಮೀನು ಒಂಟಿಯಾಗಿ ಇರಲ್ಲ, ಆರಾದರೂ ತನ್ನಿ.

ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅವತ್ತು ಊಟ ಬಂದ್. ಏರ್ ಪಂಪ್ ಹಚ್ಚಿ, ಕಾಲು ಭಾಗ ನೀರು ಬದಲಿಸಿ, ಕಾರಣ ಆಮೇಲೆ ಹುಡುಕಿ.